ಬಗಾರಾ ಅನ್ನ ಮತ್ತು ಮಾಂಸವಿಲ್ಲದ ದಾಲ್ಚಾ

ತೆಲಂಗಾಣದ ತಾಂಡೂರಿನ ಆಸುಪಾಸಿನಲ್ಲಿ, ಯಾಲಾಲಿನಂತಹ ಊರುಗಳಲ್ಲಿ, ಹಬ್ಬದೂಟದ ಮಾತೆತ್ತಿದರೆ ಕನ್ನಡ, ತೆಲುಗು, ದಖ್ಖನಿ ಎಂಬ ಮೂರು ನುಡಿಗಳಲ್ಲಿಯೂ ಒಂದೇ ಜೋಡಿಯ ಹೆಸರು ಕಿವಿಗೆ ಬೀಳುತ್ತದೆ: ಬಗಾರಾ, ದಾಲ್ಚಾ. ಶಾಜೀರಿಗೆ, ಲವಂಗ, ಚಕ್ಕೆ, ಪುದೀನಗಳನ್ನು ಕೆಂಪಗೆ ಹುರಿದ ಈರುಳ್ಳಿಯೊಡನೆ ಒಗ್ಗರಿಸಿ, ಆ ಪರಿಮಳದಲ್ಲಿಯೇ ಬೇಯಿಸಿದ ಅನ್ನ ಮೊದಲನೆಯದು. ಬಘಾರವೆಂದರೆ ನಮ್ಮ ಒಗ್ಗರಣೆಯೇ ಆದುದರಿಂದ ಅದನ್ನು ಒಗ್ಗರಣೆಯನ್ನವೆಂದು ಕರೆದರೂ ತಪ್ಪಾಗದು, ಆದರೆ ಹಾಗೆ ಕರೆದೊಡನೆ ಅರ್ಧ ರುಚಿ ಹೋದಂತೆ ಕೇಳಿಸುತ್ತದೆ. ಬೇಳೆ, ಕುರಿಯ ಮಾಂಸ, ಸೋರೆಕಾಯಿ ಈ ಮೂರನ್ನೂ ಹುಣಿಸೆಯ ಹುಳಿಯಲ್ಲಿ ಒಂದುಗೂಡಿಸಿದ ಮಂದವಾದ ಪಾಕ ಎರಡನೆಯದು. ಇದರಿಂದ ಮಾಂಸವನ್ನು ಕಳೆದರೆ ಉಳಿಯುವುದು ದಾಲ್ಚಾವೋ ಅಥವಾ ದಾಲ್ಚಾದ ಪ್ರೇತವೋ ಎಂಬುದೇ ನನ್ನ ಮುಂದಿರುವ ಪ್ರಶ್ನೆ.

ಪ್ರಶ್ನೆ ಬರಿಯ ಹರಟೆಯದಲ್ಲ. ಲಿಂಗವಂತರೂ ಮಾಂಸ ಮುಟ್ಟದ ಇತರರೂ ಮಾಂಸಾಹಾರಿಗಳೊಡನೆ ಗೋಡೆಗೆ ಗೋಡೆ ತಾಗಿಸಿಕೊಂಡು ಬಾಳುವ ಈ ಸೀಮೆಯಲ್ಲಿ, ಒಂದು ಚಪ್ಪರದ ಹಿಂದೆ ಎರಡು ಒಲೆ ಹೂಡಿ ಎರಡು ಹಂಡೆ ಏರಿಸುವುದು ಸಾಮಾನ್ಯ. ಅನೇಕ ವರ್ಷಗಳಿಂದ ಆ ಎರಡನೆಯ ಹಂಡೆಯ ಋಣದಲ್ಲಿರುವವನು ನಾನು. ಬಾಣಸಿಗನ ಚಿತ್ತವೆಲ್ಲ ಮೊದಲನೆಯ ಹಂಡೆಯ ಮೇಲಿದ್ದು, ಎರಡನೆಯದು ಮಲಮಗುವಿನಂತೆ ಮೂಲೆಯಲ್ಲಿ ಕುದಿಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನಿರಾಮಿಷ ದಾಲ್ಚಾದ ದೋಷಗಳಲ್ಲಿ ಹೆಚ್ಚಿನವು ಮಾಂಸದ ಅಭಾವದಿಂದಲ್ಲ, ಈ ಅನಾದರದಿಂದ ಹುಟ್ಟಿದವು ಎಂದು ಹೇಳಲು ನನಗೆ ಇಷ್ಟು ಅನುಭವವೇ ಸಾಕು.

ಅನಾದರಕ್ಕಿಂತಲೂ ದೊಡ್ಡ ವೈರಿ ಅನುಕರಣ. ತೆಲುಗು ಸೀಮೆಯ ಅಂಗಡಿಗಳಲ್ಲಿ ಮೀಲ್ ಮೇಕರ್ ಎಂದು ಮಾರುವ, ಎಣ್ಣೆ ಹಿಂಡಿದ ಸೋಯಾ ಹಿಟ್ಟನ್ನು ಯಂತ್ರದಲ್ಲಿ ಒತ್ತಿ ತೆಗೆದ ಉಂಡೆಗಳನ್ನು ಈಗ ದಾಲ್ಚಾಕ್ಕೆ ಸುರಿಯುವ ಪದ್ಧತಿ ಬಂದಿದೆ. ನೋಡುವುದಕ್ಕೆ ಮಾಂಸದ ತುಣುಕಿನಂತೆ ಇರುವುದೇ ಅದರ ಏಕೈಕ ಗುಣ. ಸ್ಪಂಜಿನ ಸ್ವಭಾವದ ಈ ಉಂಡೆ ಹುಳಿನೀರನ್ನಷ್ಟೇ ಹೀರಿಕೊಂಡು ಬೇಳೆಯನ್ನು ಹೊರಗೇ ನಿಲ್ಲಿಸುತ್ತದೆಯಾದ್ದರಿಂದ, ಕಚ್ಚಿದಾಗ ಬಾಯಿಗೆ ಬರುವುದು ದಾಲ್ಚಾದ ರಸವಲ್ಲ, ಅದರ ತೊಳೆದ ನೀರು. ನಾಟಕದಲ್ಲಿ ರಾಜನ ಪಾತ್ರಧಾರಿ ಬಾರದ ದಿನ ಅವನ ಕಿರೀಟವನ್ನು ಕಂಬಕ್ಕೆ ತೊಡಿಸಿ ಆಟ ನಡೆಸಿದಂತೆ ಇದು; ಔಚಿತ್ಯಭಂಗವೆಂದು ನಮ್ಮ ಆಲಂಕಾರಿಕರು ಕರೆದುದಕ್ಕೆ ಅಡಿಗೆಮನೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ.

ಹಾಗೆಂದು ಮಾಂಸವನ್ನು ತೆಗೆದು ಸುಮ್ಮನಾದರೂ ಕೆಲಸ ಕೆಡುತ್ತದೆ: ತೆಲುಗರ ಹುಳಿ ಬೇಳೆಸಾರಾದ ಪಪ್ಪುಚಾರು ಆಗಿಬಿಡುತ್ತದೆ. ಅದು ಒಳ್ಳೆಯ ಪದಾರ್ಥ, ಆದರೆ ಬೇರೆ ಪದಾರ್ಥ.

ಆದುದರಿಂದ ಕೇಳಬೇಕಾದುದು, ಮಾಂಸದ ಬದಲಿಗೆ ಏನನ್ನು ಹಾಕಬೇಕು ಎಂದಲ್ಲ. ಮಾಂಸವು ಆ ಹಂಡೆಯಲ್ಲಿ ಯಾವ ಕಾರ್ಯವನ್ನು ನಿರ್ವಹಿಸುತ್ತಿತ್ತು ಎಂದು. ಎಲುಬು ಕರಗಿ ಸಾರಿಗೆ ಮೈ ಕೊಡುತ್ತಿತ್ತು. ಕೊಬ್ಬು ಮಸಾಲೆಯ ಪರಿಮಳವನ್ನು ಹೊತ್ತು ತರುತ್ತಿತ್ತು. ತುಣುಕು ಹಲ್ಲಿಗೆ ಕೆಲಸ ಕೊಡುತ್ತಿತ್ತು. ಬಲ್ಲ ಕೈ ಈ ಮೂರಕ್ಕೂ ಬೇಳೆಯ ಮನೆಯೊಳಗಿನಿಂದಲೇ ಉತ್ತರ ಹುಡುಕುತ್ತದೆ. ಮೈ ಕೊಡುವುದಕ್ಕೆ ತೊಗರಿಯಿದೆ, ಅದೂ ಎಂತಹ ತೊಗರಿ! ಸುಣ್ಣಗಲ್ಲಿನ ಮೇಲೆ ಹಾಸಿದ ಕರಿಯ ಎರೆಮಣ್ಣಿನಲ್ಲಿ ಬೆಳೆಯುವ ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಂದಿತು; ಗಡಿಯಾಚೆಯ ಕಲಬುರಗಿಯ ತೊಗರಿಗೆ ಅದಕ್ಕೂ ಮೊದಲೇ ಸಂದಿತ್ತು. ಭೂಮಿ ಒಂದೇ, ಬೆಳೆ ಒಂದೇ, ಪ್ರಶಸ್ತಿಪತ್ರ ಮಾತ್ರ ಎರಡು. ಹಲ್ಲಿನ ಕೆಲಸಕ್ಕೆ ಕಡಲೆಬೇಳೆ. ಅದೊಂದರಲ್ಲಿಯೇ ದಾಲ್ಚಾ ಮಾಡುವವರಿದ್ದಾರೆ. ಆದರೆ ಮೂರು ಪಾಲು ತೊಗರಿಯನ್ನು ಕರಗುವವರೆಗೆ ಬೇಯಿಸಿ, ಒಂದು ಪಾಲು ಕಡಲೆಬೇಳೆಯನ್ನು ಬೇರೆಯಾಗಿ ಅರೆಮುರಿಯಾಗಿ ಬೇಯಿಸಿ ಕೂಡಿಸುವ ಕ್ರಮವೇ ನನ್ನ ಎಣಿಕೆಯಲ್ಲಿ ಶ್ರೇಷ್ಠ. ಕೊಬ್ಬಿನ ಸ್ಥಾನವನ್ನು ಕುಸುಬೆ ಎಣ್ಣೆಯಲ್ಲಿ ಸಾವಕಾಶವಾಗಿ ಕಂದಿಸಿದ ಈರುಳ್ಳಿಯೂ ಕೊನೆಗೆ ಬೀಳುವ ತುಪ್ಪವೂ ತುಂಬುತ್ತವೆ. ದಖ್ಖನಿಯವರು ಕದ್ದು ಎನ್ನುವ ಸೋರೆಕಾಯಿಯನ್ನು ದಪ್ಪ ಹೋಳುಗಳಾಗಿಯೇ ಹೆಚ್ಚಬೇಕು. ಹೋಳು ಗಾಜಿನಂತೆ ಪಾರದರ್ಶಕವಾದರೂ ಆಕಾರ ಬಿಡದೆ ನಿಂತ ಆ ಘಳಿಗೆಯಲ್ಲಿ ಒಲೆಯಿಂದ ಇಳಿಸಬಲ್ಲವನಿಗೆ ಮಾಂಸದ ಹಂಗಿಲ್ಲ.

ಹುಳಿಯ ವಿಷಯದಲ್ಲಿ ಅವಸರ ಸಲ್ಲದು. ಸುಣ್ಣಗಲ್ಲಿನ ನೆಲದ ಬಾವಿನೀರು ಸಹಜವಾಗಿಯೇ ಗಡಸು, ಗಡಸುನೀರಿನಲ್ಲಿ ಬೇಳೆ ಬೇಯುವುದು ತಡ. ಅದರ ಮೇಲೆ ಹುಣಿಸೆಯನ್ನೂ ಮುಂಚಿತವಾಗಿ ಹಿಂಡಿದರೆ, ಬೇಳೆಯ ಕಣಗಳನ್ನು ಹಿಡಿದಿಟ್ಟ ಅಂಟು ಸಡಿಲವಾಗದೆ, ಎಷ್ಟು ಸೌದೆ ಉರಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ‘ನಿನ್ನ ಬೇಳೆ ಇಲ್ಲಿ ಬೇಯದು’ ಎಂಬ ಮಾತನ್ನು ಮೊದಲು ಆಡಿದವಳು ಇಂತಹ ಬಾವಿಯ ಪಕ್ಕದಲ್ಲಿ ಒಲೆ ಹೂಡಿದವಳೇ ಇರಬೇಕೆಂದು ನನ್ನ ಊಹೆ. ಮಾಂಸದ ಹಂಡೆಯಲ್ಲಿ ಈ ತಪ್ಪು ಮರೆಯಾಗಬಹುದು. ಬೇಳೆಯೇ ನಾಯಕನಾದ ಹಂಡೆಯಲ್ಲಿ ಮುಚ್ಚಿಡಲು ಸ್ಥಳವಿಲ್ಲ. ನಿರಾಮಿಷ ದಾಲ್ಚಾ ಸುಲಭವಲ್ಲವೆಂದು ನಾನು ಹೇಳುವುದು ಇದಕ್ಕಾಗಿಯೇ.

ಮಾಂಸವಿಲ್ಲದ ದಾಲ್ಚಾ ಇತ್ತೀಚಿನ ಅಪಭ್ರಂಶವೆಂದು ಗೊಣಗುವ ಹಿರಿಯರೊಡನೆ ನನಗೆ ವಾದವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಹನ್ನೆರಡನೆಯ ಶತಮಾನದ ಪೂರ್ವಾರ್ಧದ ಗ್ರಂಥ. ಕಾಳಿನ ಪಾಕಕ್ಕೆ ಎಣ್ಣೆಯಲ್ಲಿ ಹುರಿದ ಬದನೆಯ ಹೋಳನ್ನಾಗಲಿ ಮೇಕೆಯ ಮಾಂಸದ ತುಂಡನ್ನಾಗಲಿ ಹಾಕಬಹುದೆಂಬ ವಿಕಲ್ಪವನ್ನು ಅದು ಯಾವ ಸಂಕೋಚವೂ ಇಲ್ಲದೆ ಕೊಡುತ್ತದೆ. ಹದಿನಾರನೆಯ ಶತಮಾನದಲ್ಲಿ ಜೈನಕವಿ ಮೂರನೆಯ ಮಂಗರಸನು ಮಾಂಸದ ಸೋಂಕಿಲ್ಲದ ‘ಸೂಪಶಾಸ್ತ್ರ’ವನ್ನು ಕನ್ನಡದಲ್ಲಿಯೇ ರಚಿಸಿದನು. ಹೈದರಾಬಾದಿನ ಮುಸಲ್ಮಾನರ ಮನೆಗಳಲ್ಲಿಯೇ ಕಡಲೆಬೇಳೆಯನ್ನು ಅಕ್ಕಿಯೊಡನೆ ಪದರಪದರವಾಗಿ ದಮ್ ಕಟ್ಟುವ ಕುಬೂಲಿ ಎಂಬ ಬಿರಿಯಾನಿಯುಂಟು. ಅದರಲ್ಲಿ ಮಾಂಸವಿಲ್ಲವೆಂದು ಯಾರೂ ಕಣ್ಣೀರಿಡುವುದಿಲ್ಲ.

ಇನ್ನು ಪರಂಪರೆಯ ಮಾತೇ ಬಂದರೆ, ಈ ತಟ್ಟೆಯಲ್ಲಿ ನಿಜವಾದ ಪರಸ್ಥಳದವನು ಅನ್ನ. 1956ರ ನವೆಂಬರ್ 1ಕ್ಕೆ ಮುನ್ನ ತಾಂಡೂರು ಕಲಬುರಗಿ ಜಿಲ್ಲೆಯಲ್ಲಿಯೂ ಜಹೀರಾಬಾದ, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ಇದ್ದವು. ರಾಜ್ಯಗಳ ಗೆರೆ ಸರಿದರೂ ಹೊಲಗಳು ಸರಿಯಲಿಲ್ಲವಾಗಿ, ಜೋಳದ ಸಾಲುಗಳ ನಡುವೆ ತೊಗರಿಯ ಸಾಲು ಬಿತ್ತುವ ಈ ಒಣಭೂಮಿಯಲ್ಲಿ ದಿನದ ಆಹಾರ ರೊಟ್ಟಿಯಾಗಿಯೂ ಅನ್ನ ಹಬ್ಬದ ಅತಿಥಿಯಾಗಿಯೂ ಬಹುಕಾಲ ಉಳಿದುವು. 1983ರಲ್ಲಿ ಆಂಧ್ರಪ್ರದೇಶದ ಎನ್. ಟಿ. ರಾಮರಾಯರ ಸರ್ಕಾರ ಕಿಲೋ ಒಂದಕ್ಕೆ ಎರಡು ರೂಪಾಯಿಯಂತೆ ಅಕ್ಕಿ ಕೊಡತೊಡಗಿದ ಮೇಲೆ ಅತಿಥಿ ಮನೆಯಲ್ಲಿಯೇ ಬಿಡಾರ ಹೂಡಿದನು. ದಾಲ್ಚಾದಿಂದ ಮಾಂಸ ಹೋಯಿತೆಂದು ಮರುಗುವವರು, ರೊಟ್ಟಿಯ ಬುಟ್ಟಿಗೆ ಅಕ್ಕಿ ಬಂದುದನ್ನು ಗಮನಿಸಿದಂತೆ ತೋರುವುದಿಲ್ಲ.

ಮದುವೆಯ ಮರುದಿನ ಬೆಳಗ್ಗೆ ಬಗಾರಾ ಅನ್ನದ ಹಂಡೆ ಬರಿದಾಗಿರುತ್ತದೆ. ನೆಂಟರು ಅದನ್ನು ತಳದ ಸೀಕು ಸಹಿತ ಕೆರೆದಿರುತ್ತಾರೆ. ಎರಡನೆಯ ಹಂಡೆಯ ತಳದಲ್ಲಿ ಮಾತ್ರ ಒಂದಿಷ್ಟು ದಾಲ್ಚಾ ಉಳಿದು, ರಾತ್ರಿಯ ತಂಪಿಗೆ ಗಟ್ಟಿಯಾಗಿ, ಹುಳಿಯೂ ಬೇಳೆಯೂ ಅಗಲಲಾಗದಂತೆ ಬೆರೆತಿರುತ್ತದೆ. ಅದನ್ನು ಬಿಸಿ ಮಾಡದೆ, ಮನೆಯ ಮುದುಕಿಯೊಬ್ಬಳು ಆಗಷ್ಟೇ ಬಡಿದ ಬಿಸಿ ಜೋಳದ ರೊಟ್ಟಿಯ ಮೇಲೆ ಸುರಿದು ಕೊಡುತ್ತಾಳೆ, ಮಗ್ಗುಲಿಗೆ ಒಂದು ಹಸಿ ಈರುಳ್ಳಿ.