ಮೈಲುತುತ್ತದಲ್ಲಿ ಮುಳುಗುವ ಹನಿ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮೈಲುತುತ್ತವೆಂದರೆ ಕೊಳೆರೋಗದ ಮದ್ದು. ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡಿ, ಮಳೆಗಾಲಕ್ಕೆ ಗೊನೆಗಳಿಗೆ ಹೊಡೆಯುತ್ತಾರೆ. ಅದೇ ಮೈಲುತುತ್ತ ರಕ್ತದಾನ ಶಿಬಿರದ ಮೇಜಿನ ಮೇಲೂ ಇರುತ್ತದೆ, ತಿಳಿ ನೀಲಿ ನೀರಾಗಿ.

ಈ ನೀಲಿ ದ್ರಾವಣದ ಸಾಪೇಕ್ಷ ಸಾಂದ್ರತೆ 1.053 ಇರುವಂತೆ ಹದ ಮಾಡಿರುತ್ತಾರೆ. ದಾನಿಯ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಮೇಲಿನಿಂದ ಬಿಟ್ಟರೆ, 15 ಸೆಕೆಂಡಿನೊಳಗೆ ಅದು ತಳ ಸೇರಬೇಕು. ಸೇರಿತೋ, ಡೆಸಿಲೀಟರಿಗೆ ಕನಿಷ್ಠ 12.5 ಗ್ರಾಂ ಹಿಮೋಗ್ಲೋಬಿನ್ ಇದೆ ಎಂದು ಲೆಕ್ಕ; ರಕ್ತ ಕೊಡಬಹುದು. ತೇಲಿದರೆ ಇವತ್ತಿಗೆ ಬೇಡ. ಕರೆಂಟೂ ಬೇಡ, ಯಂತ್ರವೂ ಬೇಡ.

ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಕಣ್ಣಿಗೆ ಕಾಣದ ಒಂದು ಕುಸುರಿ. ರಕ್ತ ನೀರಿನಲ್ಲಿ ಕದಡಿಹೋದರೆ ತೂಗುವುದೇನನ್ನು? ಆದರೆ ಹನಿ ಬಿದ್ದ ಕೂಡಲೇ ಅದರ ಪ್ರೋಟೀನು ಮೈಲುತುತ್ತದಲ್ಲಿನ ತಾಮ್ರದೊಡನೆ ಕೂಡಿ, ಹಾಲಿನ ಕೆನೆಯಂತೆ ತೆಳುವಾದ ಪೊರೆಯೊಂದು ಸುತ್ತ ಕಟ್ಟಿಕೊಳ್ಳುತ್ತದೆ. ಹತ್ತಿಪ್ಪತ್ತು ಸೆಕೆಂಡು ಒಳಗಿನದು ಒಳಗೇ, ಹೊರಗಿನದು ಹೊರಗೇ. ಅಷ್ಟರಲ್ಲಿ ತೀರ್ಪು ಮುಗಿದಿರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಡೊನಾಲ್ಡ್ ವ್ಯಾನ್ ಸ್ಲೈಕ್ ಮತ್ತು ಸಂಗಡಿಗರು ಈ ವಿಧಾನವನ್ನು ರೂಪಿಸಿದರು.

ಕೊರತೆ ಇಲ್ಲದಿಲ್ಲ. ಹೌದು, ಇಲ್ಲ ಎನ್ನುತ್ತದೆಯೇ ಹೊರತು ಎಷ್ಟು ಎಂದು ಹೇಳುವುದಿಲ್ಲ. ರಕ್ತದಲ್ಲಿ ಪ್ರೋಟೀನು ವಿಪರೀತವಿದ್ದರೆ ಹಿಮೋಗ್ಲೋಬಿನ್ ಕಡಿಮೆಯಿದ್ದರೂ ಹನಿ ಮುಳುಗೀತು. ಸುಮಾರು 25 ದಾನಿಗಳಾದ ಮೇಲೆ 30 ಮಿಲಿಲೀಟರ್ ದ್ರಾವಣವನ್ನು ಬದಲಿಸಲೇಬೇಕು. ಹಾಗಾಗಿ ಅನೇಕ ಕಡೆ ಬೆರಳ ಹನಿಯನ್ನು ಓದಿ ಅಂಕಿ ತೋರಿಸುವ ಕೈಯಂತ್ರಗಳು ಬಂದಿವೆ. ಒಂದೊಂದು ಪರೀಕ್ಷೆಗೂ ಅವುಗಳಿಗೆ ಹೊಸ ಪಟ್ಟಿಯೋ ಕುವೆಟ್ಟೋ ಬೇಕು, ಖರ್ಚು ಅಲ್ಲಿ.