ಸಾರ್ವಜನಿಕ ವಿಜ್ಞಾನದ ಪರವಾಗಿ ಒಂದು ವಕಾಲತ್ತು

ಮಾನವ ಜೀನೋಮ್ ಯೋಜನೆಯನ್ನು ಕುರಿತು ಬಂದಿರುವ ಪುಸ್ತಕಗಳು ಹಲವು. ಅವುಗಳಲ್ಲಿ ಜಾನ್ ಸಲ್ಸ್‌ಟನ್ ಅವರು ಜಾರ್ಜಿನಾ ಫೆರಿಯವರೊಡನೆ ಸೇರಿ ಬರೆದು 2002ರಲ್ಲಿ ಪ್ರಕಟಿಸಿದ ‘ದಿ ಕಾಮನ್ ಥ್ರೆಡ್’ ಎಂಬ ಇಂಗ್ಲಿಷ್ ಪುಸ್ತಕಕ್ಕೆ ಒಂದು ವೈಶಿಷ್ಟ್ಯವಿದೆ. ಸಲ್ಸ್‌ಟನ್ ಆ ಯೋಜನೆಯ ಬ್ರಿಟಿಷ್ ಭಾಗದ ಮುಖ್ಯಸ್ಥರಾಗಿದ್ದವರು, ಅದರ ಸುತ್ತ ಎದ್ದ ಜಗಳದ ನಡುವೆಯೇ ನಿಂತಿದ್ದವರು. ಸಾಕ್ಷಿಯ ಹೇಳಿಕೆಯನ್ನು ಓದುವ ಹಾಗೆ ಇದನ್ನು ಗೌರವದಿಂದಲೂ ಸ್ವಲ್ಪ ಎಚ್ಚರದಿಂದಲೂ ಓದಬೇಕು.

ಪುಸ್ತಕದ ಅತ್ಯುತ್ತಮ ಭಾಗ ಮನುಷ್ಯನನ್ನು ಕುರಿತದ್ದಲ್ಲ, ಹುಳುವನ್ನು ಕುರಿತದ್ದು. ಮಣ್ಣಿನಲ್ಲಿ ವಾಸಿಸುವ, ಒಂದು ಮಿಲಿಮೀಟರ್ ಉದ್ದದ ಹುಳುವಿನ ಒಂದೇ ಕೋಶ ಒಡೆದು ಒಡೆದು 959 ಕೋಶಗಳ ದೇಹವಾಗುವುದನ್ನು ಸಲ್ಸ್‌ಟನ್ ಕೇಂಬ್ರಿಜ್‌ನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಗುರುತಿಸಿದರು. ಭ್ರೂಣದ ಭಾಗಕ್ಕೇ ಒಂದೂವರೆ ವರ್ಷ, ದಿನಕ್ಕೆ ಎರಡು ಸರದಿ, ಸರದಿಗೆ ನಾಲ್ಕು ಗಂಟೆ! ಆ ಹುಳುವಿನ ಮೇಲೆ ಕೆಲಸ ಮಾಡುತ್ತಿದ್ದವರು 1975ರಿಂದ ತಮ್ಮೊಳಗೇ ಒಂದು ಪುಟ್ಟ ಪತ್ರಿಕೆ ನಡೆಸಿ, ಅರೆಬೆಂದ ಫಲಿತಾಂಶಗಳನ್ನೂ ಅಂಜಿಕೆಯಿಲ್ಲದೆ ಹಂಚಿಕೊಳ್ಳುತ್ತಿದ್ದರು. ಮುಂದೆ ಜಗತ್ತಿನ ಮಟ್ಟದಲ್ಲಿ ನಡೆದದ್ದಕ್ಕೆಲ್ಲ ಬೀಜ ಇಲ್ಲಿದೆ ಎಂದು ನನಗೆ ತೋರುತ್ತದೆ. ಕೈಬೆರಳೆಣಿಕೆಯ ಜನರ ನಡುವಿನ ನಂಬಿಕೆಯನ್ನು ದೇಶದೇಶಗಳ ನಡುವಿನ ನಿಯಮವನ್ನಾಗಿ ಮಾಡಲು ಹೊರಟದ್ದೇ ಈ ಕಥೆ.

ಆ ನಿಯಮ ರೂಪುಗೊಂಡದ್ದು 1996ರ ಫೆಬ್ರುವರಿಯಲ್ಲಿ, ಬರ್ಮುಡಾದ ಸಭೆಯೊಂದರಲ್ಲಿ. ಓದಿದ ಡಿಎನ್‌ಎಯ ಸಾವಿರ ಅಕ್ಷರಕ್ಕಿಂತ ಉದ್ದದ ತುಣುಕುಗಳನ್ನು ಸಾಧ್ಯವಾದರೆ 24 ಗಂಟೆಗಳೊಳಗೆ ಸಾರ್ವಜನಿಕ ಭಂಡಾರಕ್ಕೆ ಹಾಕಿಬಿಡಬೇಕು, ಲೇಖನ ಅಚ್ಚಾಗಲಿ ಎಂದು ಕಾಯಬಾರದು, ಪೇಟೆಂಟ್ ಕೇಳಬಾರದು. ಅಮೆರಿಕ, ಬ್ರಿಟನ್ ಮತ್ತು ಜಪಾನಿನ ಮೂರು ಭಂಡಾರಗಳು ತಮ್ಮ ಲೆಕ್ಕವನ್ನು ಪ್ರತಿದಿನವೂ ಒಂದಕ್ಕೊಂದು ತಾಳೆ ಹಾಕಿಕೊಳ್ಳುತ್ತಿದ್ದುದರಿಂದ ಎಲ್ಲಿ ಹಾಕಿದರೂ ಎಲ್ಲರಿಗೂ ದೊರೆಯುತ್ತಿತ್ತು. ಇಲಾಖೆಯಿಂದ ಇಲಾಖೆಗೆ ಒಂದು ಕಡತ ಸಾಗಲು ಹಿಡಿಯುವ ಕಾಲವನ್ನು ಬಲ್ಲವರು ಈ 24 ಗಂಟೆಯ ಮಾತನ್ನು ಎರಡು ಸಲ ಓದಿಕೊಳ್ಳುತ್ತಾರೆ.

1998ರಲ್ಲಿ ಕ್ರೇಗ್ ವೆಂಟರ್ ಅವರ ಸೆಲೆರಾ ಕಂಪನಿ ಕಣಕ್ಕಿಳಿದ ಮೇಲೆ ಪುಸ್ತಕದ ಧಾಟಿ ಬದಲಾಗುತ್ತದೆ. ಚಂದಾ ಕೊಟ್ಟವರಿಗೆ ಮಾಹಿತಿ ಮಾರುವುದು ಕಂಪನಿಯ ಉದ್ದೇಶ. ಸಾರ್ವಜನಿಕ ಭಂಡಾರದಿಂದ ಅದು ಧಾರಾಳವಾಗಿ ತೆಗೆದುಕೊಂಡಿತು, ಭಂಡಾರಕ್ಕೆ ಏನನ್ನೂ ಹಾಕಲಿಲ್ಲ ಎಂಬ ಸಲ್ಸ್‌ಟನ್‌ರ ಸಿಟ್ಟು ನ್ಯಾಯವಾದದ್ದೇ. ಆದರೆ ಬರವಣಿಗೆಯಲ್ಲಿ ವೆಂಟರ್ ಬರಬರುತ್ತ ಯಕ್ಷಗಾನದ ಬಣ್ಣದ ವೇಷವಾಗಿಬಿಡುತ್ತಾರೆ. ಅವರ ಅವಸರದಿಂದ ಸರ್ಕಾರಿ ಪಾಳೆಯವೂ ಚುರುಕಾಯಿತೆಂಬುದನ್ನು ಒಪ್ಪಲು ಲೇಖಕರಿಗೆ ಮನಸ್ಸಿಲ್ಲ. 2000ದ ಜೂನ್ 26ರಂದು ಕ್ಲಿಂಟನ್ ಮತ್ತು ಬ್ಲೇರ್ ಮುಕ್ತಾಯ ಘೋಷಿಸಿದಾಗ ಎರಡೂ ಪಕ್ಷಗಳ ಕೈಯಲ್ಲಿದ್ದದ್ದು ಕರಡು ಮಾತ್ರ ಎಂದು ತಾವೇ ಬರೆದುಕೊಂಡಿರುವುದು ಮಾತ್ರ ದೊಡ್ಡತನ. ಯೋಜನೆ ಮುಗಿಯಿತೆಂದು ಸಾರಿದ್ದು 2003ರಲ್ಲಿ. ಸೆಲೆರಾ ಕೂಡ 2005ರಲ್ಲಿ ಚಂದಾ ವ್ಯವಹಾರ ಬಿಟ್ಟು ತನ್ನ ಮಾಹಿತಿಯನ್ನು ಸಾರ್ವಜನಿಕರಿಗೆ ಒಪ್ಪಿಸಿತು.

ಇಷ್ಟೆಲ್ಲ ಹೋರಾಟ ಯಾತಕ್ಕೆ ಎನ್ನುವವರು ಸ್ತನ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ-2 ವಂಶವಾಹಿಯ ಪ್ರಸಂಗವನ್ನು ಓದಬೇಕು. 1995ರಲ್ಲಿ ಬ್ರಿಟನ್ನಿನ ತಂಡ ಅದನ್ನು ಕಂಡುಹಿಡಿದು ಪ್ರಕಟಿಸುವ ಹೊತ್ತಿಗೆ ಅಮೆರಿಕದ ಮಿರಿಯಡ್ ಕಂಪನಿ ಪೇಟೆಂಟಿಗೆ ಅರ್ಜಿ ಹಾಕಿತ್ತು. ದೇಹದಲ್ಲಿ ಸಹಜವಾಗಿ ಇರುವ ಡಿಎನ್‌ಎಗೆ ಪೇಟೆಂಟ್ ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2013ರಲ್ಲಿ. ತಾಯಿಗೆ ಬಂದದ್ದು ಮಗಳಿಗೂ ಬಂದೀತೇ ಎಂಬ ಪರೀಕ್ಷೆಯ ಬೆಲೆ ಅಷ್ಟು ವರ್ಷ ಒಂದು ಕಂಪನಿಯ ಮರ್ಜಿಯಲ್ಲಿತ್ತು.

ನನ್ನ ತಕರಾರು ಬೇರೆ. ಬಾಗಿಲು ತೆರೆದಿಟ್ಟರೆ ಎಲ್ಲರ ಪಾಲೂ ಸಂದಂತೆ ಎಂದು ಈ ಪುಸ್ತಕ ನಂಬಿಬಿಡುತ್ತದೆ. ಯೋಜನೆಯಲ್ಲಿ ಪಾಲುಗೊಂಡ ದೇಶಗಳು ಆರು: ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ಜಪಾನ್, ಚೀನಾ. 1999ರಲ್ಲಿ ಸೇರಿದ ಚೀನಾ ಮಾಡಿದ್ದು ನೂರಕ್ಕೆ ಒಂದು ಪಾಲು. ಆದರೂ ಕೆಲಸ ಕಲಿಯಿತು. ನಾವು ಆ ಪಟ್ಟಿಯಲ್ಲಿರಲಿಲ್ಲ. ಮನುಕುಲದ ಗ್ರಂಥವೆಂದು ಹೆಸರಾದ ಆ ಪಾಠದ ಸುಮಾರು ನೂರಕ್ಕೆ 70 ಭಾಗ ಅಮೆರಿಕದ ಬಫೆಲೊ ಊರಿನಲ್ಲಿ ಪತ್ರಿಕಾ ಜಾಹೀರಾತಿನ ಮೂಲಕ ಸಿಕ್ಕ ದಾನಿಗಳಲ್ಲಿ ಒಬ್ಬನದು. ಹೃದಯದ ಸ್ನಾಯುವನ್ನು ದುರ್ಬಲಗೊಳಿಸುವ, ಭಾರತ ಉಪಖಂಡದ ನೂರು ಜನರಲ್ಲಿ ಸುಮಾರು ನಾಲ್ವರಲ್ಲಿರುವ ಒಂದು ವಂಶವಾಹಿ ದೋಷ 2009ರಲ್ಲಿ ಬೆಳಕಿಗೆ ಬಂತು. ಅದಕ್ಕೆ ನಮ್ಮವರ ರಕ್ತವನ್ನೇ ಪರೀಕ್ಷಿಸಬೇಕಾಯಿತು.

ಹಂಚಿಕೊಂಡವನಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಯೂ ಪುಸ್ತಕ ಬಂದ ಮೇಲೆ ದೊಡ್ಡದಾಯಿತು. ತಾನು ಕಳಿಸಿದ ಹಕ್ಕಿಜ್ವರದ ವೈರಸ್ಸಿನಿಂದ ವಿದೇಶಿ ಕಂಪನಿ ಲಸಿಕೆ ತಯಾರಿಸುತ್ತಿದೆ, ತನ್ನ ಜನಕ್ಕೆ ಅದು ಎಟಕುವಂತಿಲ್ಲ ಎಂದು ತಿಳಿದ ಇಂಡೋನೇಷ್ಯ 2007ರಲ್ಲಿ ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಕೊಡುವುದನ್ನೇ ನಿಲ್ಲಿಸಿತು. ರಾಜಿಯ ಚೌಕಟ್ಟು ಸಿದ್ಧವಾಗಲು 2011 ಬರಬೇಕಾಯಿತು. 2020ರ ಜನವರಿ 11ರಂದು ಶಾಂಘೈಯ ವಿಜ್ಞಾನಿಯೊಬ್ಬರ ಪ್ರಯೋಗಾಲಯದಿಂದ ಕೊರೋನಾ ವೈರಸ್ಸಿನ ಜೀನೋಮ್ ಬಹಿರಂಗವಾದಾಗ ಬರ್ಮುಡಾದ ಹಂಬಲ ಸಾರ್ಥಕವಾಯಿತು. ಲಸಿಕೆಯ ವಿನ್ಯಾಸ ಕೆಲವೇ ದಿನಗಳಲ್ಲಿ ಆರಂಭವಾಯಿತು. ಲಸಿಕೆ ಬಂದಾಗ ಸಾಲಿನಲ್ಲಿ ಮುಂದೆ ನಿಂತವರು ಮಾತ್ರ ಹಣವಿದ್ದ ದೇಶದವರು. ಸಲ್ಸ್‌ಟನ್ 2018ರಲ್ಲೇ ತೀರಿಕೊಂಡಿದ್ದರು.

ನಮ್ಮ ದೇಶ 2020ರಲ್ಲಿ ಆರಂಭಿಸಿದ ‘ಜೀನೋಮ್ ಇಂಡಿಯಾ’ ಯೋಜನೆಯನ್ನು ಇಪ್ಪತ್ತು ಸಂಸ್ಥೆಗಳು ಸೇರಿ ನಡೆಸಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅದರ ಸೂತ್ರ ಹಿಡಿಯಿತು. ಸುಮಾರು 10,000 ಜನರ ಮಾಹಿತಿ 2025ರ ಜನವರಿಯಲ್ಲಿ ಫರೀದಾಬಾದಿನ ಭಂಡಾರದಲ್ಲಿ ಸಂಶೋಧಕರಿಗಾಗಿ ತೆರೆಯಿತು. ಇಲ್ಲಿ ಅರ್ಜಿ ಹಾಕಿ, ಅನುಮತಿ ಪಡೆದು ನೋಡಬೇಕು. ಸಲ್ಸ್‌ಟನ್ ಇದನ್ನು ಕಂಡಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರೋ ಏನೋ. ಸಮುದಾಯ ಸಮುದಾಯಗಳ ರಕ್ತದ ವಿವರವನ್ನು ಬೀದಿಯಲ್ಲಿಡಬಾರದೆಂಬ ಎಚ್ಚರ ನನಗೆ ಸರಿಯೆನಿಸುತ್ತದೆ; ಆ ಎಚ್ಚರದ ಹೆಸರಿನಲ್ಲಿ ಅರ್ಜಿಗಳು ಮೇಜಿನಿಂದ ಮೇಜಿಗೆ ಅಲೆಯಬಾರದು. ರಕ್ತ ಕೊಟ್ಟ ಹಳ್ಳಿಯವರಿಗೆ ಇದರಿಂದ ಏನು ತಿಳಿಯಬೇಕು, ಯಾರು ತಿಳಿಸಬೇಕು ಎಂಬುದಕ್ಕೆ ಬರ್ಮುಡಾದ ನಿಯಮದಲ್ಲಿ ಉತ್ತರವಿಲ್ಲ, ಈ ಪುಸ್ತಕದಲ್ಲೂ ಇಲ್ಲ.

ಆದರೂ ಓದಬೇಕಾದ ಪುಸ್ತಕ. ಬಿ.ಎಸ್‌ಸಿ. ಓದುತ್ತಿರುವ ಮಕ್ಕಳಿರುವ ಮನೆಗಳಲ್ಲಂತೂ ಇರಲಿ. ಮುಂದೆ ಕನ್ನಡಕ್ಕೆ ತರಲು ಕೈಹಾಕುವವರು ಹುಳುವಿನ ಭಾಗದ ಒಂದು ಸಾಲನ್ನೂ ಬಿಡದಿರಲಿ. ನಡುವಿನ ಸಮಿತಿಗಳ ಹೆಸರುಗಳನ್ನು ಅರ್ಧಕ್ಕಿಳಿಸಿದರೂ ಓದುಗರು ಬೇಸರಿಸರು.