ಸೂಜಿ ಎಲ್ಲಿ ಚುಚ್ಚಿದರೇನು?

1971ರ ಜುಲೈ. ಚೀನಾ ನೋಡಲು ಹೋಗಿದ್ದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಅರಿವಳಿಕೆ ಕೊಡದೆ ಬರೀ ಸೂಜಿ ಚುಚ್ಚಿ ಅವರ ಹೊಟ್ಟೆ ಕೊಯ್ದರು ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಸುಳ್ಳು. ಕೊಯ್ಯುವಾಗ ಕೊಟ್ಟದ್ದು ಎಂದಿನ ಅರಿವಳಿಕೆ ಮದ್ದೇ. ಸೂಜಿ ಬಂದದ್ದು ಆಮೇಲೆ, ಹೊಟ್ಟೆಯುಬ್ಬರ ಕಾಡಿದಾಗ. ಅದರಿಂದ ಹಾಯೆನಿಸಿತೆಂದು ರೆಸ್ಟನ್ ಬರೆದರು. ಕೈಕಾಲಿಗೆ ಹರಿದ ನೋವಿನಿಂದ ಹೊಟ್ಟೆಯ ಕಡೆಗಿನ ಗಮನವೇ ತಪ್ಪಿತೆಂಬ ತಮಾಷೆಯನ್ನೂ ಸೇರಿಸಿದರು. ಅಕ್ಯುಪಂಕ್ಚರ್ ಎಂಬ ಈ ಸೂಜಿ ಚಿಕಿತ್ಸೆಯ ಪ್ರಚಾರಕರು ಈ ಎರಡನೆಯ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಚಿಕಿತ್ಸೆಗೆ ಹೋದವರನ್ನು ಮಲಗಿಸಿ, ಕೂದಲಿನಷ್ಟು ತೆಳುವಾದ ಸೂಜಿಗಳನ್ನು ಚುಚ್ಚಿ ಇಪ್ಪತ್ತು ಮೂವತ್ತು ನಿಮಿಷ ಬಿಡುತ್ತಾರೆ. ಇಂಜೆಕ್ಷನ್ನಿನ ನೋವಿರುವುದಿಲ್ಲ, ಜೋಮು, ಭಾರ, ಸಣ್ಣ ಸೆಳೆತ ಇರುತ್ತದೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಹಲವು ವಾರ ಓಡಾಡಬೇಕು.

ಓಡಾಡಿ ಸಿಗುವುದೇನು? ಇದಕ್ಕೆ ಜರ್ಮನಿಯವರು ಹುಡುಕಿದ ಉತ್ತರ ರೋಚಕವಾಗಿದೆ. ‘ಗೆರಾಕ್’ ಹೆಸರಿನ ಅಧ್ಯಯನದಲ್ಲಿ ವರ್ಷಗಟ್ಟಲೆ ಸೊಂಟನೋವು ಅನುಭವಿಸಿದ್ದ 1,162 ಮಂದಿಯನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಚೀನೀ ಶಾಸ್ತ್ರ ಹೇಳುವ ಬಿಂದುಗಳಲ್ಲೇ ಸೂಜಿ. ಎರಡನೆಯದಕ್ಕೂ ಸೂಜಿಯೇ, ಆದರೆ ಶಾಸ್ತ್ರದಲ್ಲಿಲ್ಲದ ಜಾಗಗಳಲ್ಲಿ, ಮೇಲುಮೇಲಕ್ಕೆ. ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳ ಬಳಿಕ ಗುಣ ಕಂಡವರು ಮೊದಲ ಗುಂಪಿನಲ್ಲಿ ಶೇ 47.6, ಎರಡನೆಯದರಲ್ಲಿ ಶೇ 44.2, ಮೂರನೆಯದರಲ್ಲಿ ಶೇ 27.4. 2007ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ನೋಡಿ ಸೂಜಿಯವರೂ ಗೆದ್ದೆವೆಂದರು, ಸಂದೇಹವಾದಿಗಳೂ ಗೆದ್ದೆವೆಂದರು!

ಇಬ್ಬರ ಮಾತಿನಲ್ಲೂ ಹುರುಳಿದೆ. ಸೂಜಿ ಹಾಕಿಸಿಕೊಂಡವರಿಗೆ ಹೆಚ್ಚು ಆರಾಮ ಸಿಕ್ಕಿದ್ದು ನಿಜ. ಆದರೆ ಬಿಂದು ತಪ್ಪಿದರೂ ಫಲ ಹೆಚ್ಚುಕಡಿಮೆ ಅಷ್ಟೇ ಎಂದಾದರೆ, ಮೈಯಲ್ಲಿ ಹರಿಯುವ ‘ಚಿ’ ಶಕ್ತಿ, ಅದರ ನಾಡಿಗಳು, ಗೋಡೆಗೆ ತೂಗುಹಾಕುವ 361 ಬಿಂದುಗಳ ನಕ್ಷೆ, ಇವೆಲ್ಲ ಯಾತಕ್ಕೆ? ಮೂರನೆಯ ಗುಂಪಿನವರಿಗೆ ತಮಗೆ ಸೂಜಿಯಿಲ್ಲವೆಂಬುದು ಗೊತ್ತೇ ಇತ್ತು. ಅವರ ನಿರಾಸೆಯೂ ಆ 27.4ರಲ್ಲಿ ಸೇರಿರಬಹುದು. ಸೂಜಿಗುಂಪಿನವರಿಗೋ ವೈದ್ಯರ ಮುಂದೆ ಮತ್ತೆ ಮತ್ತೆ ಅರ್ಧ ಗಂಟೆಯ ವಿಶ್ರಾಂತಿ, ಗುಣವಾದೀತೆಂಬ ನಂಬಿಕೆ ಜೊತೆಗಿತ್ತು. ಚುಚ್ಚುವ ಜಾಗಕ್ಕಿಂತ ಚುಚ್ಚುವ ಸನ್ನಿವೇಶವೇ ಹೆಚ್ಚು ಕೆಲಸ ಮಾಡಿತೆಂದು ಓದುವುದೇ ಸರಿ.

ಈ ಗೊಂದಲ ದೇಶಗಳ ನಿರ್ಧಾರಗಳಲ್ಲೂ ಕಾಣುತ್ತದೆ. ಜರ್ಮನಿಯ ಸರಕಾರಿ ವಿಮಾ ವ್ಯವಸ್ಥೆ 2007ರಿಂದ ಸೊಂಟ ಮತ್ತು ಮಂಡಿಯ ಹಳೆಯ ನೋವಿಗೆ ಅಕ್ಯುಪಂಕ್ಚರ್ ಖರ್ಚು ಭರಿಸತೊಡಗಿತು. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ‘ನೈಸ್’ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಇದನ್ನು ಶಿಫಾರಸು ಮಾಡಿ, 2016ರಲ್ಲಿ ಬೇಡವೆಂದಿತು.

ಒಟ್ಟಿನಲ್ಲಿ ಸೊಂಟ, ಮಂಡಿ, ಕತ್ತಿನ ಹಳೆಯ ನೋವು ಅಥವಾ ಮೈಗ್ರೇನ್ ಇದ್ದವರು ಒಂದಿಷ್ಟು ನಿರಾಳತೆ ನಿರೀಕ್ಷಿಸಬಹುದು. ಸಕ್ಕರೆ ಕಾಯಿಲೆ, ಕಿಡ್ನಿ ವೈಫಲ್ಯ, ಕ್ಯಾನ್ಸರ್ ವಾಸಿ ಮಾಡುತ್ತೇವೆಂಬ ಬೋರ್ಡು ಕಂಡರೆ ಒಳಗೆ ಹೋಗುವುದೇ ಬೇಡ. ನೋವಿಗೆ ಕಾರಣವೇನೆಂದು ಮೊದಲು ಡಾಕ್ಟರಿಂದ ತಿಳಿದುಕೊಳ್ಳಬೇಕು. ಸೂಜಿ ಹೊಸದೇ, ಒಮ್ಮೆ ಬಳಸಿ ಬಿಸಾಡುವಂಥದ್ದೇ ಎಂದು ನೋಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಮುಂಚೆಯೇ ಹೇಳಬೇಕು. ಸಾಮಾನ್ಯವಾಗಿ ಆಗುವುದು ಒಂದು ಹನಿ ರಕ್ತ, ಸಣ್ಣ ನೀಲಿ ಕಲೆ ಅಷ್ಟೇ. ಅಪರೂಪಕ್ಕೆ, ಪಳಗದ ಕೈ ಎದೆಯ ಬಳಿ ಆಳಕ್ಕೆ ಚುಚ್ಚಿ ಶ್ವಾಸಕೋಶಕ್ಕೆ ತೂತಾದದ್ದೂ ಉಂಟು. ಚಿಕಿತ್ಸೆಯ ನಂತರ ಎದೆ ಹಿಡಿದು ಉಸಿರು ಕಟ್ಟಿದರೆ ಸೂಜಿ ಹಾಕಿದವರಿಗೆ ಫೋನ್ ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು.